ಪುಟ್ಟ ಗಿಟಾರ್ ಆಂಪ್‌ಗೆ ಹನ್ನೆರಡು ಇಂಚಿನ ಸ್ಪೀಕರ್ ಡಬ್ಬ: ಕೆಲಸದ ಟಿಪ್ಪಣಿ

ಮನೆಯಲ್ಲಿರುವುದು 10 ವ್ಯಾಟ್‌ನ ಟ್ರಾನ್ಸಿಸ್ಟರ್ ಪ್ರಾಕ್ಟೀಸ್ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್), ಒಳಗೆ ಆರೂವರೆ ಇಂಚಿನ ಸ್ಪೀಕರ್. ತೆಳು ತಂತಿಗಳ ಮಟ್ಟಿಗೆ ತಕರಾರಿಲ್ಲ. ದಪ್ಪ ಇ ತಂತಿ ಮೀಟಿದರೆ ಮಾತ್ರ ಸ್ವರಕ್ಕಿಂತ ಡಬ್ಬಿಯ ಸದ್ದೇ ಜಾಸ್ತಿ. ಆ ತಂತಿಯ ಸ್ವರ ಸುಮಾರು 82 ಹರ್ಟ್ಸ್, ಅಷ್ಟು ಕೆಳಗಿನದನ್ನು ಅಂಗೈಯಗಲದ ಕೋನ್ (ಸ್ಪೀಕರ್‌ನ ಅದುರುವ ಶಂಕು) ಹೊತ್ತು ತರುವುದಿಲ್ಲ. ಹೊಸ ಆಂಪ್ ಕೊಳ್ಳುವ ಬದಲು ಇದಕ್ಕೇ ಹೊರಗಿನಿಂದ ದೊಡ್ಡ ಸ್ಪೀಕರ್ ಕೊಡೋಣ ಅಂತ ಶುರು ಮಾಡಿದ ಕೆಲಸ ಇದು. ಈಗ ಡಬ್ಬ ನಿಂತಿದೆ, ನುಡಿಯುತ್ತಿದೆ. ದಾರಿಯಲ್ಲಿ ಕೈಕೊಟ್ಟದ್ದೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿಯದು: ಒಂದೆರಡು ಮಿಲಿಮೀಟರ್ ದಪ್ಪದ ವಸ್ತುಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

1. ಆಂಪ್ ಬಿಚ್ಚಿ ನೋಡಿದ್ದು

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಸ್ಕ್ರೂಗಳನ್ನು ಬಿಚ್ಚಿದೆ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್ ಆಗಿದ್ದರೆ ನಾನು ಇದಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ಕೂತಿರಬಹುದು. ಇದರಲ್ಲಿ ಆ ಭಯವಿಲ್ಲ, ಆದರೂ ಟ್ರಾನ್ಸ್‌ಫಾರ್ಮರ್‌ಗೆ ಬರುವ ವೈರು, ಫ್ಯೂಸು ಎರಡೂ 230 ವೋಲ್ಟಿನವೇ.

ಒಳಗೆ ಹೀಟ್‌ಸಿಂಕ್‌ಗೆ ಕೂರಿಸಿದ ಟಿಡಿಎ 2030 ಐಸಿ (ದನಿಗೆ ಬಲ ಕೊಡುವ ಚಿಪ್), ಅದರಿಂದ ಸ್ಪೀಕರ್‌ಗೆ ಹೋಗುವ ಎರಡು ವೈರು. ಸ್ಪೀಕರ್ ಮ್ಯಾಗ್ನೆಟ್ ಮೇಲೂ ಬೋರ್ಡಿನ ಮೇಲೂ 8 ಓಮ್ ಎಂದು ಬರೆದಿತ್ತು. ಮೀಟರ್ ಹಿಡಿದರೆ 6.9 ತೋರಿಸಿತು. 8 ಓಮ್ ಸ್ಪೀಕರ್ ಮೀಟರಿನಲ್ಲಿ ಆರೂ ಮುಕ್ಕಾಲು, ಏಳು ತೋರಿಸಿದರೆ ಗಾಬರಿ ಬೇಡ, ಕೋನ್ ಅದುರಿಸುವ ತಂತಿ ಸುರುಳಿಯ ಡಿಸಿ ರೆಸಿಸ್ಟೆನ್ಸ್ ಅಷ್ಟೇ ಇರುತ್ತದೆ.

ಗಮನಿಸಬೇಕಾದದ್ದು ಎರಡು. ಒಳಗಿನ 8 ಓಮ್ ಜೊತೆಗೆ ಹೊರಗಿನ 8 ಓಮ್ ಸ್ಪೀಕರನ್ನು ಪ್ಯಾರಲಲ್ ಕೊಟ್ಟರೆ ಆಂಪ್‌ಗೆ ಕಾಣುವುದು 4 ಓಮ್, ಅಂದರೆ ಹರಿಯುವ ಕರೆಂಟ್ ಜಾಸ್ತಿ. ಬೋರ್ಡಿನಲ್ಲಿ 8 ಎಂದೇ ಬರೆದಿರುವಾಗ ಐಸಿಯನ್ನು ಸುಮ್ಮನೆ ಕಾಯಿಸುವ ಕೆಲಸ ಅದು. ಹಾಗಾಗಿ ಸ್ವಿಚ್ ಇರುವ ಜಾಕ್ ಬೇಕು, ಹೊರಗಿನ ಪ್ಲಗ್ ಚುಚ್ಚಿದ ಕೂಡಲೇ ಒಳಗಿನ ಸ್ಪೀಕರ್ ತಾನಾಗಿ ಕಡಿದುಹೋಗುವಂಥದ್ದು.

ಎರಡನೆಯದು ಇನ್ನೂ ಸೂಕ್ಷ್ಮ. ಸ್ಪೀಕರ್‌ನ ಮೈನಸ್ ವೈರು ನೇರ ಗ್ರೌಂಡಿಗೆ ಹೋಗಿರಲಿಲ್ಲ. ನಡುವೆ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದಿತ್ತು, 0.22 ಓಮ್. ಗಿಟಾರ್ ಆಂಪ್‌ಗಳಲ್ಲಿ ಇದು ಮಾಮೂಲು, ಸ್ಪೀಕರ್‌ನಲ್ಲಿ ಹರಿಯುವ ಕರೆಂಟನ್ನು ಅಳೆದು ಐಸಿಗೆ ವಾಪಸ್ ಕೊಡಲು ಇಟ್ಟಿರುತ್ತಾರೆ. ಲೋಹದ ಜಾಕನ್ನು ತಗಡಿನ ಚಾಸಿಸ್‌ಗೆ ಬಿಗಿದರೆ ಈ ರೆಸಿಸ್ಟರ್ ಶಾರ್ಟ್ ಆಗಿ ಆಂಪ್‌ನ ದನಿಯೇ ಬೇರೆಯಾಗುತ್ತದೆ. ಮೀಟರಿನ ಬೀಪ್ ನಂಬಿದರೆ ಮೋಸ ಹೋಗುತ್ತೀರಿ, 0.22 ಓಮ್‌ಗೂ ಅದು ಬೀಪ್ ಅನ್ನುತ್ತದೆ. ಕಣ್ಣಿನಿಂದಲೇ ಟ್ರ್ಯಾಕ್ ಹಿಡಿದು ಹೋಗಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಪ್ಲಾಸ್ಟಿಕ್ ಮೈಯ ಸ್ವಿಚ್ ಜಾಕ್ ಕೇಳಿ ತಂದೆ.

2. ಸ್ಪೀಕರ್

ಸೆಲೆಶನ್ ಜಿ12ಎಂ ಗ್ರೀನ್‌ಬ್ಯಾಕ್, 8 ಓಮ್, 25 ವ್ಯಾಟ್, ಸೆಕೆಂಡ್ ಹ್ಯಾಂಡ್. ಸತ್ತುಹೋದ ಒಂದು ಆಂಪ್‌ನಿಂದ ಗೆಳೆಯನೊಬ್ಬ ಬಿಚ್ಚಿಟ್ಟಿದ್ದು, 4,500 ರೂಪಾಯಿಗೆ ಕೊಟ್ಟ. ಕೋನ್ ಅಂಚಿನಲ್ಲಿ ಎರಡು ಬೆರಳು ಇಟ್ಟು ಮೆಲ್ಲಗೆ ಅದುಮಿ ನೋಡಿದೆ, ಕರಕರ ಅನ್ನಲಿಲ್ಲ. ಅಂದರೆ ಸುರುಳಿ ಉಜ್ಜುತ್ತಿಲ್ಲ.

ಆರ್ಕೆಸ್ಟ್ರಾದವರು ಸಭೆಗೆ ಕೇಳಿಸಲು ಬಳಸುವ ಪಿಎ ವೂಫರ್ ಇದರ ಅರ್ಧ ಬೆಲೆಗೆ ಸಿಗುತ್ತದಲ್ಲ ಅಂತ ಅಂಗಡಿಯಾತ ಕೇಳಿದ. ಸಿಗುತ್ತದೆ, ಆದರೆ ಅದರ ಹದವೇ ಬೇರೆ. ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ದಾಟುತ್ತಿದ್ದಂತೆ ಕೈ ಬಿಡುತ್ತದೆ, ಆ ಕೊರತೆಯೇ ಡಿಸ್ಟಾರ್ಷನ್ (ದನಿ ಒರಟಾಗಿಸುವ ಎಫೆಕ್ಟ್) ಹಾಕಿದಾಗ ಕಿವಿ ಕಾಯುವುದು.

3. ಅಳತೆ, ಪ್ಲೈವುಡ್

ಹೊರ ಅಳತೆ: ಅಗಲ 500, ಎತ್ತರ 430, ಆಳ 270 ಮಿಲಿಮೀಟರ್. ಹಿಂಬದಿ ಅರ್ಧ ತೆರೆದ ಡಬ್ಬ. ಇಂಥದ್ದಕ್ಕೆ ಹೈಫೈ ಸ್ಪೀಕರ್‌ನವರ ಹಾಗೆ ಲೀಟರ್ ಲೆಕ್ಕ ಹಾಕಿ ಕೂರಬೇಕಿಲ್ಲ. ಸ್ಪೀಕರ್ ಹಿಡಿಸಿ, ಮೇಲೆ ಆಂಪ್ ಕೂರುವಷ್ಟು ಜಾಗ ಇದ್ದರೆ ಆಯಿತು.

ನಾಲ್ಕು ಬದಿಗೆ 18 ಮಿಲಿಮೀಟರ್ ಬಿಡಬ್ಲ್ಯುಆರ್ ಪ್ಲೈ (ಕುದಿನೀರು ತಡೆಯುವ ಬಗೆ, ಐಎಸ್ 303 ಮುದ್ರೆ ನೋಡಿ ತಂದದ್ದು), ಸ್ಪೀಕರ್ ಕೂರುವ ಬ್ಯಾಫಲ್‌ಗೂ ಹಿಂಬದಿಗೂ 12 ಮಿಲಿಮೀಟರ್. ಪೂರಾ ಎಂಟು ಅಡಿ ಶೀಟು ಕೊಳ್ಳುವ ಅಗತ್ಯವಿಲ್ಲ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಉಳಿದ ತುಂಡುಗಳನ್ನು ಕೊಡುತ್ತಾರೆ. ತುಂಡಿನ ಅಂಚನ್ನು ನೋಡಿಯೇ ಆರಿಸಿ. ಪದರಗಳ ನಡುವೆ ಟೊಳ್ಳು ಕಂಡರೆ ಬೇಡ. ಸ್ಪೀಕರ್ ಡಬ್ಬದಲ್ಲಿ ಆ ಟೊಳ್ಳು ಸುಮ್ಮನೆ ಇರುವುದಿಲ್ಲ, ಪದರ ಅದುರಿ ಜಿರ್ ಅನ್ನುತ್ತದೆ.

ಮೊದಲ ಎಡವಟ್ಟು ಇಲ್ಲೇ. 270ರ ಪಟ್ಟಿಗಳನ್ನು ಪೆನ್ಸಿಲ್ಲಿನಲ್ಲಿ ಒಂದಕ್ಕೊಂದು ತಾಗಿಸಿ ಗೀಚಿಕೊಂಡು ಅಂಗಡಿಯ ಕಟಿಂಗ್ ಮಷೀನಿಗೆ ಕೊಟ್ಟೆ. ಬ್ಲೇಡ್ ಒಂದೊಂದು ಕೊಯ್ತಕ್ಕೂ 3 ಮಿಲಿಮೀಟರ್ ತಿನ್ನುತ್ತದೆ ಎಂಬುದು ತಲೆಯಲ್ಲಿ ಇರಲಿಲ್ಲ. ಕೊನೆಯ ತುಂಡು 267 ಬಂತು. ನಾಲ್ಕೂ ಒಂದೇ ಆಳ ಇರಲೇಬೇಕಲ್ಲ, ಎಲ್ಲವನ್ನೂ 266ಕ್ಕೆ ಇಳಿಸಿಕೊಂಡು ಬಂದೆ. ಹೀಗೆ ಡಬ್ಬದ ಆಳ 266.

ಕೊನೆಗೆ ಕೈಯಲ್ಲಿದ್ದ ತುಂಡುಗಳು: ಮೇಲೆ ಕೆಳಗೆ 500 × 266 ಎರಡು, ಪಕ್ಕಕ್ಕೆ 394 × 266 ಎರಡು, ಬ್ಯಾಫಲ್ 464 × 394 ಒಂದು, ಹಿಂಬದಿಗೆ 464 ಅಗಲದ ಪಟ್ಟಿಗಳು. ಜೊತೆಗೆ 22 ಮಿಲಿಮೀಟರ್ ಚೌಕದ ಸಿಲ್ವರ್ ರೀಪರ್ (ಮರದ ಸಣ್ಣ ಪಟ್ಟಿ).

4. ಚೌಕಟ್ಟು

ಹಳೆಯ ಅಮೆರಿಕನ್ ಆಂಪ್‌ಗಳ ಹಾಗೆ ಬೆರಳು ಬೆರಳು ಹೆಣೆದ ಮೂಲೆ ಮಾಡುವ ಆಸೆ ಇತ್ತು. ಪ್ಲೈ ಚೂರಿನ ಮೇಲೆ ಉಳಿ ಹಿಡಿದು ನೋಡಿದೆ, ಮೇಲಿನ ಪದರ ಎದ್ದು ಬಂತು. ಹಾಗೆ ಹೆಣೆಯಲು ಪೈನ್ ಹಲಗೆ ಬೇಕು, ಇಲ್ಲವೇ ರೂಟರ್ ಬೇಕು. ಎರಡೂ ಇಲ್ಲದ್ದರಿಂದ ಸಾದಾ ಜೋಡಣೆಗೆ ಬಂದೆ: ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಪಕ್ಕದವು, ಫೆವಿಕಾಲ್, ಮೂಲೆಗೆ ನಾಲ್ಕರಂತೆ 40 ಮಿಲಿಮೀಟರ್ ಸ್ಕ್ರೂ, ಒಳಮೂಲೆಗೆ ರೀಪರ್ ತುಂಡು. ಸ್ಕ್ರೂಗೆ ಮೊದಲು 3 ಮಿಲಿಮೀಟರ್ ತೂತು ಹಾಕಲೇಬೇಕು, ಇಲ್ಲದಿದ್ದರೆ ಪ್ಲೈ ಅಂಚು ಬಾಯಿ ಬಿಡುತ್ತದೆ.

ಪಕ್ಕದ ಬೀದಿಯಲ್ಲಿ ಕಿಟಕಿ ಬಾಗಿಲು ಮಾಡುವ ಆಚಾರ್ರು ಹೋಗುತ್ತಾ ಒಂದು ಗಳಿಗೆ ನಿಂತರು.

"ಏನ್ ಸಾರ್ ಇದು, ಕೋಳಿ ಗೂಡಾ?"

"ಸ್ಪೀಕರ್ ಡಬ್ಬ ಆಚಾರ್ರೇ. ಸ್ಕ್ರೂ ಬಿಗಿಸ್ತಾ ಇದೀನಿ."

"ಸ್ಕ್ರೂ ಆಮೇಲೆ ಬಿಗಿಸೋರಂತೆ, ಮೊದ್ಲು ಕರ್ಣ ಹಿಡೀರಿ."

ಟೇಪ್ ಹಿಡಿದರೆ ಒಂದು ಕಡೆ 657, ಇನ್ನೊಂದು ಕಡೆ 662. 500ಕ್ಕೆ 430ರ ಚೌಕಟ್ಟಿಗೆ ಎರಡೂ ಕರ್ಣ 659, 660ರ ಆಸುಪಾಸು ಬರಬೇಕು. ಮೂಲೆಮಟ್ಟ ಇಟ್ಟೇ ಜೋಡಿಸಿದ್ದೆ, ಆದರೂ ಇಷ್ಟು ವಾರೆ. ಗೋಂದು ಇನ್ನೂ ಹಸಿ ಇತ್ತು ಅನ್ನುವುದೇ ಪುಣ್ಯ. ಉದ್ದದ ಕರ್ಣದ ಎರಡು ಮೂಲೆ ಬಳಸಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಸುತ್ತಿಸಿ ಗಂಟು ಹಾಕಿ, ನಡುವೆ ಲಟ್ಟಣಿಗೆ ತೂರಿಸಿ ತಿರುಚಲು ಆಚಾರ್ರು ಹೇಳಿಕೊಟ್ಟರು. ಒಂದೊಂದು ಸುತ್ತಿಗೂ ಟೇಪ್ ಹಿಡಿಯುವುದು, ಮತ್ತೆ ತಿರುಚುವುದು. ಎರಡೂ ಕಡೆ 659 ಮತ್ತು ಚೂರು ಬಂದಾಗ ಲಟ್ಟಣಿಗೆಯನ್ನು ಪಕ್ಕದ ಹಲಗೆಗೆ ಕಟ್ಟಿ, ರಾತ್ರಿಯಿಡೀ ಬಿಟ್ಟೆ. ಮಾರುಕಟ್ಟೆಯ ಮೂಲೆ ಕ್ಲ್ಯಾಂಪ್ ಸೆಟ್ಟಿಗೆ ಕೊಡುವ ದುಡ್ಡು ಉಳಿಯಿತು, ಲಟ್ಟಣಿಗೆಯ ಬಗ್ಗೆ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ಒಣಗಿದ ಮೇಲೆ ಸ್ಕ್ರೂ ತಲೆಗಳ ಮೇಲೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ಮೆತ್ತಿ, 80 ನಂಬರಿನ ಉಪ್ಪು ಕಾಗದದಿಂದ ಅಂಚುಗಳನ್ನು ಗುಂಡಗೆ ಮಾಡಿದೆ. ರೆಕ್ಸಿನ್ ಚೂಪು ಅಂಚಿನ ಮೇಲೆ ಬೇಗ ಸೀಳುತ್ತದೆ. ಮುಂದಿನ ಅಂಚಿನಿಂದ 30 ಮಿಲಿಮೀಟರ್ ಒಳಗೆ ಸುತ್ತಲೂ ರೀಪರ್ ಹೊಡೆದೆ, ಬ್ಯಾಫಲ್ ಇದಕ್ಕೆ ಒರಗುತ್ತದೆ. ಹಿಂದೆಯೂ ಹಾಗೆಯೇ, 12 ಮಿಲಿಮೀಟರ್ ಒಳಗೆ.

5. ಬ್ಯಾಫಲ್

ಗ್ರೀನ್‌ಬ್ಯಾಕ್‌ನ ಹೊರ ವ್ಯಾಸ 309 ಮಿಲಿಮೀಟರ್, ಕೊಯ್ಯಬೇಕಾದ ವೃತ್ತ 283. ಅಂದರೆ ತ್ರಿಜ್ಯ 141.5. ಹಳೆಯ ಸ್ಕೇಲಿಗೆ ಎರಡು ತೂತು ಹಾಕಿ, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್. ಒಳಗೊಂದು 10 ಮಿಲಿಮೀಟರ್ ತೂತು ಹಾಕಿ ಜಿಗ್‌ಸಾ ಬ್ಲೇಡ್ ಇಳಿಸಿದೆ. ಬೇಗ ಮುಗಿಸೋಣ ಅಂತ ಮಷೀನನ್ನು ಪಕ್ಕಕ್ಕೆ ಒತ್ತಿದರೆ ಬ್ಲೇಡಿನ ತುದಿ ಕೆಳಗಡೆ ಹೊರಕ್ಕೆ ಓಡುತ್ತದೆ. ಮೇಲೆ ದುಂಡಗೆ ಕಂಡದ್ದು ಕೆಳಗೆ ಮೊಟ್ಟೆಯಾಗಿತ್ತು. ಸ್ಪೀಕರ್ ಅಂಚು ಅದನ್ನು ಮುಚ್ಚಿತು, ಬಿಟ್ಟೆ.

ಮುಚ್ಚಲಾಗದ ತಪ್ಪು ಬೇರೆ. ವೃತ್ತ ಕೊಯ್ದ ಮೇಲೆ ಸ್ಪೀಕರನ್ನು ಮೇಲಿಟ್ಟು ನಾಲ್ಕು ಬೋಲ್ಟ್ ಜಾಗ ಗುರುತಿಸಿ ಡ್ರಿಲ್ ಹಾಕಿದೆ. ಬೋಲ್ಟ್ ತೂತಿನಿಂದ ವೃತ್ತದ ಅಂಚಿಗೆ ಉಳಿಯುವ ಮರ 5 ಮಿಲಿಮೀಟರೂ ಇಲ್ಲ. ಮೂರು ತೂತು ಸರಿ ಬಂದವು, ನಾಲ್ಕನೆಯದರಲ್ಲಿ ಬಿಟ್ ಹಿಂದಕ್ಕೆ ತೂರುತ್ತಿದ್ದಂತೆ ಬೆರಳಗಲದ ಚಕ್ಕೆ ಎದ್ದು ವೃತ್ತದೊಳಕ್ಕೆ ಬಿತ್ತು. ಚಕ್ಕೆಯನ್ನು ಹುಡುಕಿ, ಗೋಂದು ಹಚ್ಚಿ, ಬಟ್ಟೆ ಕ್ಲಿಪ್ ಹಾಕಿ ಕೂರಿಸಿ, ಮಾರನೆಯ ದಿನ ಅಡಿಗೆ ಮರದ ಚೂರು ಒತ್ತಿ ಹಿಡಿದು ಮತ್ತೆ ತೂತು ಕೊರೆದೆ. ಹಲಗೆ ಇಡಿಯಾಗಿರುವಾಗಲೇ ಬೋಲ್ಟ್ ತೂತು ಹಾಕಿ, ಆಮೇಲೆ ವೃತ್ತ ಕೊಯ್ಯಿರಿ. ಇಡೀ ಟಿಪ್ಪಣಿಯಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೋಲ್ಟ್ 5 ಮಿಲಿಮೀಟರಿನವು, ಚಪ್ಪಟೆ ತಲೆ, ಮುಂದಿನಿಂದ ಹಿಂದಕ್ಕೆ. ತಲೆ ಮಟ್ಟವಾಗಿ ಕೂರುವಂತೆ ತೂತಿನ ಬಾಯಿ ಅಗಲಿಸಿದೆ, ಮೇಲೆ ಬಟ್ಟೆ ಬರುತ್ತದಲ್ಲ. ಹಿಂದೆ ನೈಲಾನ್ ಹಿಡಿತದ ನಟ್, ಅದುರಿದರೂ ಸಡಿಲವಾಗುವುದಿಲ್ಲ. ಬಿಗಿಸುವಾಗ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ಒಂದೇ ಕಡೆ ಎಳೆದರೆ ಸ್ಪೀಕರ್‌ನ ತಗಡು ಚೌಕಟ್ಟು ತಿರುಚಿ ಸುರುಳಿ ಉಜ್ಜಲು ಶುರುವಾಗುತ್ತದೆ.

ಬ್ಯಾಫಲ್‌ನ ಎರಡೂ ಮುಖಕ್ಕೆ ಕಪ್ಪು ಬಣ್ಣ ಬಳಿದೆ. ಇಲ್ಲದಿದ್ದರೆ ಬಟ್ಟೆಯ ಹಿಂದೆ ಪ್ಲೈ ಬಿಳಚಿಕೊಂಡು ಕಾಣುತ್ತದೆ.

6. ರೆಕ್ಸಿನ್

ಜೆ.ಸಿ. ರಸ್ತೆಯಲ್ಲಿ ಕಾರ್ ಸೀಟಿನವರ ಬಳಿ ಕಪ್ಪು ದಪ್ಪ ರೆಕ್ಸಿನ್, ಮೀಟರಿಗೆ 260 ರೂಪಾಯಿ. ಡಬ್ಬದ ಸುತ್ತಳತೆ 1,860, ಹಾಗಾಗಿ 2 ಮೀಟರ್. ಹಿಂದೆ ಮುಂದೆ ಒಳಕ್ಕೆ ಮಡಚಲು 60 ಮಿಲಿಮೀಟರಿನಂತೆ ಬಿಟ್ಟು ಪಟ್ಟಿ ಕತ್ತರಿಸಿಕೊಂಡೆ. ಎರಡು ತುದಿ ಸೇರುವ ಜಾಗ ಡಬ್ಬದ ತಳಕ್ಕೆ ಬರಲಿ, ಯಾರಿಗೂ ಕಾಣುವುದಿಲ್ಲ.

ಅಂಟು ಫೆವಿಕಾಲ್ ಎಸ್‌ಆರ್ 998. ಇದು ಬಿಳಿ ಫೆವಿಕಾಲ್ ಹಾಗಲ್ಲ. ಮರಕ್ಕೂ ರೆಕ್ಸಿನ್ನಿಗೂ ಎರಡಕ್ಕೂ ತೆಳುವಾಗಿ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಸೇರಿಸಬೇಕು. ಸೇರಿದ ಮೇಲೆ ಜರುಗಿಸಲು ಆಗದು. ವಾಸನೆ ತಲೆಗೇರುತ್ತದೆ, ಬಾಗಿಲು ಕಿಟಕಿ ತೆಗೆದೇ ಕೆಲಸ ಮಾಡಿ, ಹತ್ತಿರ ಬೆಂಕಿ ಬೇಡವೇ ಬೇಡ. ಜಿಟಿಜಿಟಿ ಮಳೆಯ ದಿನ ನಾನು ಹಚ್ಚಿದ್ದರಿಂದ ಹತ್ತು ಹದಿನೈದು ನಿಮಿಷದಲ್ಲಿ ಒಣಗಬೇಕಾದದ್ದು ಒಣಗಲಿಲ್ಲ. ತಾಳ್ಮೆ ಸಾಲದೆ ಸೇರಿಸಿದೆ. ಮೇಲಿನ ಹಲಗೆಯಲ್ಲಿ ಎರಡು ಗುಳ್ಳೆ ಎದ್ದವು. ಸೂಜಿಯಿಂದ ಚುಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಬಟ್ಟೆ ಅಡ್ಡ ಇಟ್ಟು ಒತ್ತಿದಾಗ ಒಂದು ಕೂತಿತು. ಇನ್ನೊಂದರ ಮೇಲೆ ಈಗ ಆಂಪ್ ಕೂತಿದೆ.

ಇನ್ನು ಬ್ಯಾಫಲ್ ಕೂರಿಸೋಣ ಅಂತ ಹೋದರೆ ಒಳಗೇ ಇಳಿಯದು. ಒಳ ಅಳತೆ 464 × 394, ಬ್ಯಾಫಲ್ ಅದೇ ಅಳತೆಗೆ ಕೊಯ್ದಿದ್ದೆ, ಬೋಳು ಮರದಲ್ಲಿ ಬೆಣ್ಣೆಯ ಹಾಗೆ ಕೂತಿತ್ತು. ಈಗ ಒಳಕ್ಕೆ ಮಡಚಿದ ರೆಕ್ಸಿನ್ ಎರಡೂ ಬದಿ ಒಂದೊಂದು ಮಿಲಿಮೀಟರ್ ತಿಂದಿದೆ. ಇದರ ಮೇಲೆ ಬ್ಯಾಫಲ್ ಸುತ್ತ ಮಡಚಿ ಬರುವ ಬಟ್ಟೆ ಬೇರೆ. ಕೀಸುಳಿ ಹಿಡಿದರೆ ಪ್ಲೈನ ಅಡ್ಡ ಪದರ ಕಿತ್ತು ಬರುತ್ತಿತ್ತು. ಕೊನೆಗೆ ಸ್ಪೀಕರ್ ಬಿಚ್ಚಿಟ್ಟು, ಇಟ್ಟಿಗೆ ಗಾತ್ರದ ಮರಕ್ಕೆ ಉಪ್ಪು ಕಾಗದ ಸುತ್ತಿ ನಾಲ್ಕೂ ಅಂಚು ತಿಕ್ಕಿದ್ದೇ ತಿಕ್ಕಿದ್ದು. 460 × 390ಕ್ಕೆ ಇಳಿದ ಮೇಲೆ ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಕೂತಿತು. ನೀವು ಮಾಡುವುದಾದರೆ ಮೊದಲೇ 4 ಮಿಲಿಮೀಟರ್ ಕಮ್ಮಿ ಕೊಯ್ಯಿಸಿ.

7. ಮುಂದಿನ ಬಟ್ಟೆ

ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಕೈಗೆ ತಾಗಬೇಕು, ಪರೀಕ್ಷೆ ಇಷ್ಟೇ. ಗೋಣಿತಾಟು ಇದರಲ್ಲಿ ಪಾಸಾಯಿತು, ನೋಡಲೂ ಚೆನ್ನಾಗಿತ್ತು. ಎಳೆದು ಸ್ಟೇಪ್ಲರ್ ಪಿನ್ ಹೊಡೆದೆ. ಮಳೆಯ ತೇವಕ್ಕೆ ಒಂದೇ ವಾರದಲ್ಲಿ ಜೋತುಬಿತ್ತು. ಕಿತ್ತುಹಾಕಿ ಎಸ್‌ಪಿ ರೋಡಿನ ಸ್ಪೀಕರ್ ಬಟ್ಟೆಯನ್ನೇ ತಂದು ಹಾಕಿದೆ. ಪಿನ್ ಹೊಡೆಯುವಾಗ ನಾಲ್ಕು ಬದಿಯ ನಡುವಿನಿಂದ ಶುರು ಮಾಡಿ ಮೂಲೆ ಕಡೆಗೆ ಹೋಗಿ, ಮೂಲೆಯಿಂದ ಶುರು ಮಾಡಿದರೆ ಗೆರೆಗಳು ಸೊಟ್ಟಗಾಗುತ್ತವೆ.

8. ವೈರಿಂಗ್

ಡಬ್ಬದ ಹಿಂದಿನ ಕೆಳ ಹಲಗೆಗೆ ಒಂದು ಜಾಕ್, ಅಲ್ಲಿಂದ ಸ್ಪೀಕರ್‌ಗೆ 1 ಸ್ಕ್ವೇರ್ ಎಂಎಂ ಜೋಡಿ ವೈರು. ಆಂಪ್‌ನಿಂದ ಡಬ್ಬಕ್ಕೂ ಅದೇ ವೈರು, ಎರಡು ತುದಿಗೆ ಕಾಲಿಂಚು ಪ್ಲಗ್. ಗಿಟಾರಿನ ಕೇಬಲ್ ಇಲ್ಲಿಗೆ ಬೇಡ. ಪ್ಲಗ್ ಒಂದೇ ಥರ ಇದ್ದರೂ ಅದರೊಳಗಿನ ತಂತಿ ಕೂದಲೆಳೆ, ಸ್ಪೀಕರ್ ಕರೆಂಟ್ ಹೊರಲು ಮಾಡಿದ್ದಲ್ಲ.

ಆಂಪ್‌ಗೆ ಕೊಡುವ ಮೊದಲು ಕೇಬಲ್ ತುದಿಗೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಮುಟ್ಟಿಸಿದೆ, ಪ್ಲಸ್ಸು ಪ್ಲಗ್ಗಿನ ತುದಿಗೆ. ಕೋನ್ ಟಪ್ ಎಂದು ಮುಂದಕ್ಕೆ ಬಂತು. ವೈರಿಂಗ್ ಸರಿ.

9. ಹಿಂಬದಿ, ಜಿರ್ ಸದ್ದು

ಹಿಂದೆ ಹಲಗೆಯೇ ಇಲ್ಲದೆ ನುಡಿಸಿದಾಗ ದನಿ ಕೋಣೆ ತುಂಬಿತು, ಆದರೆ ದಪ್ಪ ತಂತಿಗೆ ಗಟ್ಟಿತನ ಇರಲಿಲ್ಲ. ಪೂರ್ತಿ ಮುಚ್ಚಿದರೆ ಕೆಳಸ್ವರ ಬಿಗಿಯಾಯಿತು, ಆದರೆ ಡಬ್ಬದ ಎದುರು ಕೂತವರಿಗೆ ಮಾತ್ರ ಸರಿಯಾಗಿ ಕೇಳುತ್ತಿತ್ತು. ರಟ್ಟು ಕತ್ತರಿಸಿ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡುತ್ತಾ ಕೊನೆಗೆ ಮೇಲೆ 110, ಕೆಳಗೆ 150 ಮಿಲಿಮೀಟರ್ ಪಟ್ಟಿ, ನಡುವೆ 130ರಷ್ಟು ಬಾಯಿ ಎಂದು ನಿಲ್ಲಿಸಿದೆ. ಗೋಡೆಗೆ ಆನಿಸಿಟ್ಟರೆ ಈ ಬಾಯಿಗೆ ಅರ್ಥವಿಲ್ಲ, ಒಂದಡಿಯಾದರೂ ಈಚೆ ಇಡಬೇಕು.

ಪಟ್ಟಿ ಬಿಗಿದ ಕೂಡಲೇ ಎ ತಂತಿಗೆ ಜಿರ್ ಅನ್ನುವ ಸದ್ದು ಶುರು. ಪ್ರತಿ ಸಲ ಗಿಟಾರ್ ಮೀಟಿ ಹುಡುಕುವುದು ಆಗದ ಮಾತು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್‌ನ ಆಕ್ಸ್‌ಗೆ (ಫೋನಿನಂಥದ್ದನ್ನು ಚುಚ್ಚುವ ಜಾಕ್) ಕೊಟ್ಟು, 60 ಹರ್ಟ್ಸಿನಿಂದ ನಿಧಾನ ಮೇಲಕ್ಕೆ ಒಯ್ದೆ. 108ರಿಂದ 115ರ ನಡುವೆ ಮಾತ್ರ ಜಿರ್. ಬಿಡಿ ಎ ತಂತಿ 110, ತಾಳೆಯಾಯಿತು. ಅಲ್ಲೇ ನಿಲ್ಲಿಸಿ ಅಂಗೈಯಿಂದ ಒಂದೊಂದೇ ಜಾಗ ಒತ್ತುತ್ತಾ ಬಂದೆ: ಹಿಡಿಕೆ, ಮೂಲೆಯ ತಗಡು, ಜಾಕ್ ನಟ್, ಬ್ಯಾಫಲ್. ಕೆಳಗಿನ ಪಟ್ಟಿಯ ನಡುವೆ ಒತ್ತಿದಾಗ ಸದ್ದು ನಿಂತಿತು. ಪಟ್ಟಿಯ ಎರಡು ತುದಿಯಲ್ಲಿ ಮಡಚಿದ ರೆಕ್ಸಿನ್ ರೀಪರಿನ ಮೇಲೆ ಬಂದು ಕೂತಿದ್ದರಿಂದ ತುದಿಗಳು ಎತ್ತರವಾಗಿ, ನಡುವೆ ಕಾಗದ ತೂರುವಷ್ಟು ಸಂದು ಉಳಿದಿತ್ತು. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿಯನ್ನು ರೀಪರಿನ ಉದ್ದಕ್ಕೂ ಹಾಕಿ, ನಡುವೆ ಇನ್ನೆರಡು ಸ್ಕ್ರೂ ಬಿಗಿದೆ. ಹೋಯಿತು.

200ರ ಹತ್ತಿರ ಇನ್ನೊಂದು ಸದ್ದಿತ್ತು. ಡಬ್ಬವನ್ನೆಲ್ಲ ಒತ್ತಿ ಸಾಕಾಗಿ ನೋಡಿದರೆ, ಬೀರುವಿನ ಮೇಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ.

ಖರ್ಚು

ಸ್ಪೀಕರ್ 4,500. ಪ್ಲೈ ತುಂಡುಗಳು, ಕೊಯ್ಯಿಸಿದ ಕೂಲಿ ಸೇರಿ 1,450. ರೀಪರ್ 120. ಎರಡು ಬಗೆಯ ಅಂಟು 440. ರೆಕ್ಸಿನ್ 520. ಸ್ಪೀಕರ್ ಬಟ್ಟೆ 300, ದಂಡವಾದ ಗೋಣಿತಾಟು 90. ಮೂಲೆ ತಗಡು, ಹಿಡಿಕೆ, ರಬ್ಬರ್ ಕಾಲು 480. ಬೋಲ್ಟು, ಸ್ಕ್ರೂ, ಫೋಮ್ ಪಟ್ಟಿ 160. ಜಾಕ್, ಪ್ಲಗ್, ವೈರು 310. ಜಿಗ್‌ಸಾ ಬ್ಲೇಡ್ 120. ಒಟ್ಟು 8,490 ರೂಪಾಯಿ, ಸ್ಪೀಕರ್ ಬಿಟ್ಟರೆ 3,990.

ಕೇಳುವುದಕ್ಕೆ ಹೇಗಿದೆ? ಕಂಪನಿಯ ಪಟ್ಟಿಯಲ್ಲಿ ಗ್ರೀನ್‌ಬ್ಯಾಕ್‌ನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟ್‌ಗೆ ಎಷ್ಟು ಸದ್ದು ಎಂಬ ಲೆಕ್ಕ, 98 ಡೆಸಿಬಲ್. ಅದರ ಅರ್ಥ ಗೊತ್ತಾದದ್ದು ವಾಲ್ಯೂಮ್ ಗುಬುಟಿನಲ್ಲಿ: ಮೊದಲು 5ರಲ್ಲಿ ಬರುತ್ತಿದ್ದ ಸದ್ದು ಈಗ 3 ದಾಟುವ ಮೊದಲೇ ಬರುತ್ತದೆ. ದಪ್ಪ ಇ ತಂತಿ ತಂತಿಯ ಹಾಗೇ ಕೇಳುತ್ತದೆ. ಆಂಪ್‌ನ ಹಿಸ್ ಕೂಡ ದೊಡ್ಡದಾಗಿ ಕೇಳುತ್ತದೆ, ಅದನ್ನು ಈ ಡಬ್ಬ ಮಾಡುವ ಮೊದಲು ಯಾರೂ ಹೇಳಿರಲಿಲ್ಲ.

ಬಾಕಿ ಇರುವುದು ಹಿಡಿಕೆ. ಸ್ಪೀಕರ್ ಸೇರಿ ಡಬ್ಬ 13 ಕಿಲೋ ತೂಗುತ್ತದೆ, ಹಿಡಿಕೆಯನ್ನು ಬರೀ 16 ಮಿಲಿಮೀಟರ್ ಸ್ಕ್ರೂನಲ್ಲಿ ಹಿಡಿಸಿದ್ದೇನೆ. ಮಹಡಿ ಮೆಟ್ಟಿಲು ಇಳಿಸುವ ಮೊದಲು ಆ ಸ್ಕ್ರೂ ತೆಗೆದು, ಒಳಗಡೆ ದೊಡ್ಡ ವಾಷರ್ ಕೊಟ್ಟು, 6 ಮಿಲಿಮೀಟರ್ ಬೋಲ್ಟ್ ತೂರಿಸಬೇಕು. ಅಲ್ಲಿಯವರೆಗೆ ತಳಕ್ಕೆ ಕೈಕೊಟ್ಟೇ ಎತ್ತುವುದು.